ಹೋರಿಗೆ ಮೂರು ನೋಟ

ನಾನು ಸಿರುಗುಪ್ಪದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದಾಗ ಮಾರೆಣ್ಣ ಅಲ್ಲಿಗೆ ವರ್ಗವಾಗಿ ಬಂದ. ಅವನ ಕೆಲಸ ಏನೆಂದು ಊರಿಗೆ ತಿಳಿಯಲು ಒಂದು ಸುಗ್ಗಿ ಹಿಡಿಯಿತು. ತಿಳಿದ ಮೇಲೆ ಊರು ನಗುವುದನ್ನು ನಿಲ್ಲಿಸಲೇ ಇಲ್ಲ. ಬಳ್ಳಾರಿಯ ಕೇಂದ್ರದಲ್ಲಿ ಒಳ್ಳೆಯ ತಳಿಯ ಹೋರಿಗಳನ್ನು ಸಾಕಿ, ಅವುಗಳ ವೀರ್ಯ ತೆಗೆದು, ಮೊಟ್ಟೆಯ ಹಳದಿ ಬೆರೆಸಿ, ಗಾಜಿನ ಕೊಳವೆಯಲ್ಲಿ ತುಂಬಿ, ಐಸ್ ಹಾಕಿದ ಥರ್ಮಾಸ್ ಫ್ಲಾಸ್ಕಿನಲ್ಲಿ ಬೆಳಗಿನ ಬಸ್ಸಿಗೆ ಕಳಿಸುತ್ತಿದ್ದರು. ಮಾರೆಣ್ಣ ಬಸ್ಸಿನ ಹತ್ತಿರ ಕಾದು ನಿಂತು, ಫ್ಲಾಸ್ಕನ್ನು ಎದೆಗೆ ಅವಚಿಕೊಂಡು, ಬಿಸಿಲು ತಾಗದ ಹಾಗೆ ಮೇಲೆ ಹೆಗಲ ವಲ್ಲಿ ಮುಚ್ಚಿಕೊಂಡು ತರುತ್ತಿದ್ದ. ಚಹಾದಂಗಡಿಯವರು ಅವನನ್ನು ನೋಡಿ, "ಮಾರೆಣ್ಣನ ಕೂಸು ಬಂತು, ದಾರಿ ಬಿಡ್ರಲೇ" ಎಂದು ಕೂಗುತ್ತಿದ್ದರು. ಅವನೂ ನಗುತ್ತಿದ್ದ. ಮಕ್ಕಳಿಲ್ಲದವನಿಗೆ ಆ ಮಾತು ಎಲ್ಲಿ ನಾಟುತ್ತದೆ ಎಂದು ನಮ್ಮೂರಿನ ಜನ ಯೋಚಿಸಿದವರಲ್ಲ.

ಆಸ್ಪತ್ರೆಗೆ ಬಂದ ಮೇಲೆ ಅವನು ಬೇರೆಯೇ ಮನುಷ್ಯ. ಗಾಜಿನ ಪಟ್ಟಿಯೊಂದನ್ನು ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿ, ಅದರ ಮೇಲೆ ಕೊಳವೆಯ ಒಂದು ಹನಿ ಬಿಟ್ಟು, ಸೂಕ್ಷ್ಮದರ್ಶಕದ ಕೆಳಗಿಟ್ಟು ಒಂದು ಕಣ್ಣು ಮುಚ್ಚುತ್ತಿದ್ದ. ಹೊರಗೆ ಬೆದೆಗೆ ಬಂದ ಆಕಳು ಒದರುತ್ತಿದ್ದರೂ, ಒಡೆಯ ಅವಸರ ಮಾಡುತ್ತಿದ್ದರೂ ಅವನಿಗೆ ಕೇಳುತ್ತಿರಲಿಲ್ಲ. ನನಗೂ ಒಮ್ಮೆ ತೋರಿಸಿದ. ವೀರ್ಯ ಒಳ್ಳೆಯದಿದ್ದರೆ ಆ ಕಣಗಳೆಲ್ಲ ಗೂಡಿನಿಂದ ಎದ್ದ ಇರುವೆಗಳ ಹಾಗೆ ಮುಂದೆ ಮುಂದೆ ನುಗ್ಗುತ್ತವೆ. ಹಳತಾಗಿದ್ದರೆ ನಿಂತಲ್ಲೇ ಬಾಲ ಅಲ್ಲಾಡಿಸುತ್ತವೆ. ಕೆಟ್ಟಿದ್ದರೆ ಸುಮ್ಮನೆ ಬಿದ್ದಿರುತ್ತವೆ. ಬಿದ್ದಿದ್ದರೆ ಅವನು ಕೊಳವೆಯನ್ನೇ ಚೆಲ್ಲಿ, ಆಕಳಿನವನಿಗೆ, "ಇವತ್ತು ಜೀವ ಇಲ್ರಿ, ನಾಳೆ ಬರ್ರಿ" ಎನ್ನುತ್ತಿದ್ದ. ಸತ್ತ ವೀರ್ಯವನ್ನು ಹಾಕಿ ಕೈತೊಳೆದುಕೊಳ್ಳುವ ಕೆಲಸ ಅವನು ಒಂದು ದಿನವೂ ಮಾಡಲಿಲ್ಲ.

ಈ ವಿದ್ಯೆ ಅವನು ಕಲಿತದ್ದು ಬಳ್ಳಾರಿಯಲ್ಲಿ, ವೆಂಕಣ್ಣ ಡಾಕ್ಟರ ಕೈಕೆಳಗೆ. ಆಗ ನಮ್ಮ ಜಿಲ್ಲೆ ಇನ್ನೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ತಳಿಗೆ ಬಾರದ ಹೋರಿಯ ಬೀಜ ಒಡೆಯಬೇಕೆಂಬ ಕಾನೂನು ಇತ್ತು. ಹಲಕುಂದಿಯ ಪಕ್ಕೀರಪ್ಪನೆಂಬ ರೈತ ತನ್ನ ಹೋರಿಯನ್ನು ಪರೀಕ್ಷೆಗೆ ಹೊಡೆದುಕೊಂಡು ಬಂದಿದ್ದ. ನೋಡಿದರೆ ಎಲ್ಲ ಸತ್ತು ಬಿದ್ದಿವೆ. ಬೀಜ ಒಡೆಯುವ ಇಕ್ಕಳ ತರಲು ಹೊರಟ ಮಾರೆಣ್ಣನನ್ನು ಡಾಕ್ಟರು ತಡೆದರು. "ಒಂದು ಸಲ ಸತ್ತದ್ದು ಕಂಡರೆ ಹೋರಿಯನ್ನು ಬೈಬೇಡಯ್ಯಾ. ಮೊದಲು ಗಾಜನ್ನು ಬೈ, ಆಮೇಲೆ ನಿನ್ನ ಕೈಯನ್ನು ಬೈ. ಬೇರೆ ಸೀಸೆ, ಬೇರೆ ದಿನ. ಮೂರು ಸಲ ನೋಡು, ಆಮೇಲೆ ಇಕ್ಕಳದ ಮಾತು" ಎಂದರು. ಮತ್ತೊಂದು ದಿನ ಮತ್ತೊಂದು ಸೀಸೆಯಲ್ಲಿ ಹಿಡಿದು ನೋಡಿದರೆ ಹೋರಿ ಚೆನ್ನಾಗಿಯೇ ಇತ್ತು. ಮೂರನೆಯ ಸಲ ಇನ್ನೂ ಚೆನ್ನಾಗಿತ್ತು. ಮೊದಲನೆಯ ಸೀಸೆಯನ್ನು ಯಾರೋ ತೊಟ್ಟಿಯ ನೀರಿನಲ್ಲಿ ಅಲುಬಿ ಹಾಗೇ ಇಟ್ಟಿದ್ದರಂತೆ. ಆ ದಿನ ಮಾರೆಣ್ಣ ತನಗೇ ಗಂಡುಮಗು ಹುಟ್ಟಿದ ಹಾಗೆ ಕೇಂದ್ರದವರಿಗೆಲ್ಲ ಸಕ್ಕರೆ ಹಂಚಿದನಂತೆ. ಈ ಕಥೆಯನ್ನು ಅವನು ನನಗೆ ಅದೆಷ್ಟು ಸಲ ಹೇಳಿದ್ದಾನೋ.

ಆಸ್ಪತ್ರೆಯ ಹಿಂದೆಯೇ ಅವನ ಮನೆ. ಮನೆಯಲ್ಲಿ ಹೆಂಡತಿ ಹಂಪಕ್ಕ, ತಾಯಿ ಗಿಡ್ಡಮ್ಮ. ಹಂಪಕ್ಕ ಕುರುಗೋಡಿನ ಹೆಣ್ಣು. ಮದುವೆಯಾಗಿ ಎಂಟು ವರ್ಷವಾಗಿತ್ತು, ತೊಟ್ಟಿಲು ತೂಗಿರಲಿಲ್ಲ. ಆಕೆಗೆ ತೊಳೆಯುವ ಹುಚ್ಚು. ತಾಮ್ರದ ಕೊಡಕ್ಕೆ ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿದರೆ ಕಣ್ಣು ಕುಕ್ಕಬೇಕು. ಗಂಡನ ಸಗಣಿ ಬಟ್ಟೆಯನ್ನು ಮೂಗು ಮುರಿಯದೆ ಒಗೆಯುತ್ತಿದ್ದಳು. ಕಾಲುವೆಯ ಹತ್ತಿರ ಹೆಂಗಸರು ಕಿಸಕ್ಕನೆ ನಕ್ಕು, "ನಿನ್ನ ಗಂಡ ಏನು ನೌಕರಿ ಮಾಡ್ತಾನ?" ಎಂದು ಕೇಳಿದರೆ, "ನಮ್ಮವರು ಡಾಕ್ಟರು" ಎಂದು ತಲೆ ಎತ್ತಿಯೇ ಹೇಳುತ್ತಿದ್ದಳು. ಆ ಮಾತು ಕೇಳಿದ ದಿನದಿಂದ ನನಗೆ ಆಕೆಯ ಮೇಲೆ ಗೌರವ.

ಗಿಡ್ಡಮ್ಮನ ಮೇಲೆ ಗೌರವ ಇಟ್ಟುಕೊಳ್ಳಲು ನಾನು ಪ್ರಯತ್ನಪಟ್ಟೆ, ಆಗಲಿಲ್ಲ. ಒಮ್ಮೆ ನಾನು ಅವರ ಕಟ್ಟೆಯ ಮೇಲೆ ಕೂತಿದ್ದಾಗಲೇ ಆಕೆ ಮಗನಿಗೆ, "ಲೇ ಮಾರ್ಯಾ, ಊರ ಆಕಳಾ ಎಲ್ಲಾ ನಿನ್ನ ಕೈಲೆ ಗಬ್ಬ ಆಗ್ತಾವ. ಮನ್ಯಾಗಿನ ಗೊಡ್ಡು ಯಾವಾಗ ಹೊಡೀತಿ ಹೊರಗ?" ಎಂದಳು. ಒಳಗೆ ಹಂಪಕ್ಕ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಆ ವರ್ಷ ಗಿಡ್ಡಮ್ಮ ಬರೀ ಮಾತಿನಲ್ಲಿ ಬಿಡಲಿಲ್ಲ. ತೆಕ್ಕಲಕೋಟೆಯಲ್ಲಿದ್ದ ತನ್ನ ತಮ್ಮನ ಮಗಳನ್ನು ಮಗನಿಗೆ ಎರಡನೆಯವಳಾಗಿ ತರುವುದೆಂದು ಮಾತು ಮುಗಿಸಿಯೇ ಬಂದಳು. ಯುಗಾದಿ ಕಳೆದ ಮೇಲೆ ಮದುವೆಯ ಅಕ್ಕಿಕಾಳು. ಹಂಪಕ್ಕ ಅಳಲಿಲ್ಲ. "ಬರಲಿ. ಆಕಿ ಹಡೀಲಿ, ನಾನು ಆಡಸ್ತೀನಿ" ಎಂದಳಂತೆ. ಮಾರೆಣ್ಣನಿಗೆ ಅದನ್ನು ಕೇಳಿ ಊಟ ಸೇರದಾಯಿತು. ದಿನಬೆಳಗಾದರೆ ಹೋರಿಯ ಹನಿಯಲ್ಲಿ ಜೀವ ನೋಡುವವನು ಅವನು. ಗೊಡ್ಡು ಎಂದರೆ ಹೆಣ್ಣೇ ಆಗಬೇಕಿಲ್ಲ ಎಂದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಆ ತಾಲ್ಲೂಕಿನಲ್ಲಿ ಇರಲಿಲ್ಲ. ದೋಷ ತನ್ನದೇ ಆಗಿದ್ದರೆ? ತೆಕ್ಕಲಕೋಟೆಯ ಹುಡುಗಿಯೂ ಬಂದು ಹಂಪಕ್ಕನ ಪಕ್ಕದಲ್ಲಿ ಕೂತು ಗೊಡ್ಡು ಅನ್ನಿಸಿಕೊಳ್ಳಬೇಕೇ? ನೋಡಿಬಿಡೋಣ ಎಂದು ನಿಶ್ಚಯಿಸಿದ.

ಒಂದು ಸಣ್ಣ ಸೀಸೆಯನ್ನು ಆಸ್ಪತ್ರೆಯಲ್ಲಿ ಕುದಿಸಿ, ಒಣಗಿಸಿ, ಕಾಗದದಲ್ಲಿ ಸುತ್ತಿ ಮನೆಗೆ ಒಯ್ದು ದೀಪದ ಗೂಡಿನಲ್ಲಿ ಇಟ್ಟ. ಮರುದಿನ ನಸುಕಿನಲ್ಲಿ ಅದನ್ನು ತೆಗೆದುಕೊಂಡು ಬಚ್ಚಲಿಗೆ ಹೋದ. ಹೆಚ್ಚಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಗದ ಬಿಚ್ಚಿದಾಗ ಸೀಸೆ ಫಳಫಳ ಹೊಳೆಯುತ್ತಿತ್ತಂತೆ, ತಾನು ಚೆನ್ನಾಗಿಯೇ ಕುದಿಸಿದ್ದೇನೆ ಅಂದುಕೊಂಡನಂತೆ. ಅದನ್ನು ಬಗಲಲ್ಲಿ ಬೆಚ್ಚಗೆ ಇಟ್ಟುಕೊಂಡು ಅಂಗಳ ದಾಟಿ, ಆಸ್ಪತ್ರೆಯ ಬಾಗಿಲು ತೆಗೆದು, ಗಾಜಿನ ಪಟ್ಟಿ ಬೆಚ್ಚಗೆ ಮಾಡಿ, ಹನಿ ಬಿಟ್ಟು, ಕಣ್ಣಿಟ್ಟ.

ಎಲ್ಲವೂ ಬಿದ್ದಿದ್ದವು. ಒಂದೂ ಅಲ್ಲಾಡಲಿಲ್ಲ.

ಬೇರೆ ಪಟ್ಟಿ ತೆಗೆದ, ಅದೇ ಸೀಸೆಯ ಇನ್ನೊಂದು ಹನಿ ಬಿಟ್ಟ. ಅಲ್ಲೂ ಹಾಗೇ. ಅವನು ಸೀಸೆಯನ್ನು ಹಿತ್ತಲಿನ ತಿಪ್ಪೆಗೆ ಎಸೆದು ಬಂದು ಬೆಂಚಿನ ಮೇಲೆ ಕೂತ. ನಾನು ಬಂದಾಗ ಹಾಗೇ ಕೂತಿದ್ದ. ಜ್ವರ ಬಂದಿದೆ ಎಂದ, ನಾನು ನಂಬಿದೆ.

ಅಂದು ಮಧ್ಯಾಹ್ನ ಹೆಂಡತಿಗೆ ಹೇಳಿದ. "ಹಂಪಿ, ದೋಷ ನಂದೈತಿ. ಕಣ್ಣಾರೆ ನೋಡೀನಿ. ನನ್ನಾಗ ಜೀವ ಇಲ್ಲ."

"ಜೀವ ಇಲ್ದವರು ಹಿಂಗ ಮುಂದ ಕುಂತು ಮಜ್ಜಿಗಿ ಕುಡಿತಾರೇನ್ರಿ?" ಎಂದು ಆಕೆ ನಕ್ಕೇಬಿಟ್ಟಳಂತೆ. ಆಮೇಲೆ ಅವನ ಮುಖ ನೋಡಿ ಹತ್ತಿರ ಬಂದು ಕೂತಳು. "ಹೋಗ್ಲಿ ಬಿಡ್ರಿ. ಒಳ್ಳೇದೇ ಆತು. ತೆಕ್ಕಲಕೋಟಿ ಹುಡುಗಿ ಬ್ಯಾಡ ಅಂತ ಅತ್ತಿಯವರಿಗೆ ಹೇಳ್ರಿ. ನಾವಿಬ್ರು ಇದ್ರ ಸಾಕು ನನಗ."

ಎಂಟು ವರ್ಷ ಗೊಡ್ಡು ಅನ್ನಿಸಿಕೊಂಡ ಹೆಣ್ಣು, ಗಂಡನದೇ ದೋಷ ಎಂದು ತಿಳಿದ ಗಳಿಗೆಯಲ್ಲಿ ಒಂದು ಮಾತು ಚುಚ್ಚಬಹುದಿತ್ತು. ಚುಚ್ಚಲಿಲ್ಲ. ಮಾರೆಣ್ಣನಿಗೆ ಸ್ವಲ್ಪ ಬುದ್ಧಿ ಇದ್ದಿದ್ದರೆ ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಒಳ್ಳೆಯತನದ ಹುಚ್ಚು ಹಿಡಿದವನನ್ನು ಹಿಡಿದು ನಿಲ್ಲಿಸುವುದು ಕಷ್ಟ.

"ನಿನಗಿನ್ನೂ ವಯಸ್ಸೈತಿ. ನಿಮ್ಮ ಅಣ್ಣಗ ಹೇಳಿ ಬಿಡುಗಡಿ ಮಾಡಸ್ತೀನಿ. ಉಡಿಕಿ ಆಗು, ಬ್ಯಾರೆ ಗಂಡನ್ನ ಮಾಡ್ಕೋ. ನಿನ್ನ ಉಡ್ಯಾಗ ಕೂಸು ನೋಡಬೇಕು ನಾನು."

"ನನ್ನ ಉಡ್ಯಾಗ ಕೂಸು ಯಾರು ಕೇಳ್ಯಾರ? ನೀವು ಬ್ಯಾಡೇನು ನನಗ?"

ಅವನು ಕೇಳಲಿಲ್ಲ. ಬಂಡಿ ಕಟ್ಟಿಸಿ ಆಕೆಯನ್ನು ಕುರುಗೋಡಿಗೆ ಕರೆದೊಯ್ದು, ಆಕೆಯ ಅಣ್ಣ ಹುಲುಗಪ್ಪನನ್ನೂ ಕುಲದ ಹಿರಿಯರನ್ನೂ ಕಟ್ಟೆಗೆ ಕೂಡಿಸಿ, ದೋಷ ತನ್ನದು, ಆಕೆ ಚೊಕ್ಕ ಹೆಣ್ಣು, ಆಕೆಗೆ ಬೇರೆ ಮನೆ ನೋಡಿ ಎಂದು ಎಲ್ಲರ ಮುಂದೆ ಹೇಳಿದ. ಗಂಡಸಾದವನು ಹೀಗೆ ಹೇಳಿಕೊಂಡದ್ದನ್ನು ಆ ಕಟ್ಟೆ ಎಂದೂ ಕೇಳಿರಲಿಲ್ಲ. ಹುಲುಗಪ್ಪ ಕಣ್ಣೀರು ಹಾಕಿ, "ಮಾವಾ, ನಿನ್ನಂಥಾವನ್ನ ನಾ ನೋಡಿಲ್ಲ" ಎಂದು ಕಾಲಿಗೆ ಬಿದ್ದ. ಹಿರಿಯರು ಹೊಗಳಿದರು. ಪದ್ಧತಿಯಂತೆ ಕಡ್ಡಿ ಮುರಿದರು, ಬಿಡುಗಡೆಯಾಯಿತು. ಹಂಪಕ್ಕ ಗೋಡೆಯ ಮರೆಯಲ್ಲಿ ನಿಂತಿದ್ದಳು. ಆಕೆಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಮೈ ಉರಿಯುತ್ತದೆ. ಅವನ ತ್ಯಾಗ ಅವನ ಬಾಯಿಂದ ಬಂತು, ಹೋದದ್ದು ಆಕೆಯ ಮನೆ.

ಸುದ್ದಿ ಸಿರುಗುಪ್ಪಕ್ಕೆ ಅವನಿಗಿಂತ ಮೊದಲೇ ಬಂದಿತ್ತು. ಗಿಡ್ಡಮ್ಮ, ಮಗ ಊರ ಮುಂದೆ ತನ್ನ ಮಾನ ಕಳೆದನೆಂದು ಗಂಟುಕಟ್ಟಿಕೊಂಡು ತೆಕ್ಕಲಕೋಟೆಯ ತಮ್ಮನ ಮನೆ ಸೇರಿದಳು. ಚಹಾದಂಗಡಿಯವರು ಈಗ ಫ್ಲಾಸ್ಕು ನೋಡಿ ಕೂಗುತ್ತಿರಲಿಲ್ಲ. ಅವನು ದಾಟಿದ ಮೇಲೆ ಮೆಲ್ಲಗೆ ಏನೋ ಹೇಳಿ ನಗುತ್ತಿದ್ದರು. ಮಾರೆಣ್ಣ ತಾನೇ ಅನ್ನ ಬೇಯಿಸಿಕೊಂಡು, ತಾನೇ ಕೊಡ ತಿಕ್ಕಿಕೊಂಡು ಇದ್ದ. ಕೊಡ ಕಪ್ಪಾಯಿತು. ನಾನು ಧೈರ್ಯ ಮಾಡಿ ಒಮ್ಮೆ ಕೇಳಿದೆ, "ಹೋರಿಗೆ ಮೂರು ಸಲ ನೋಡಾಂವ, ನಿನಗ ಎಷ್ಟು ಸಲ ನೋಡಿಕೊಂಡಿ?"

"ಒಂದ ಸಲ" ಎಂದ. "ಹೋರಿಗೆ ಬ್ಯಾರೆ ಸಾಕ್ಷಿ ಇರಂಗಿಲ್ಲ ಮಲ್ಲಯ್ಯಾ. ನನಗ ಎಂಟು ವರ್ಷದ ಸಾಕ್ಷಿ ಇತ್ತು. ಮತ್ತೇನು ನೋಡೋದು?"

ಕುರುಗೋಡಿನವರು ತಡಮಾಡಲಿಲ್ಲ. ದೇಶನೂರಿನಲ್ಲಿ ಕಾಲುವೆ ನೀರಿನ ಭತ್ತದ ಗದ್ದೆ ಇದ್ದ, ಹೆಂಡತಿ ಸತ್ತ ದುರುಗಣ್ಣನೆಂಬವನಿಗೆ ಹಂಪಕ್ಕನನ್ನು ಉಡಿಕೆ ಮಾಡಿ ಕೊಟ್ಟರು. ದೇಶನೂರು ನಮ್ಮೂರಿಗೆ ಕೂಗಳತೆಯಲ್ಲೇ ಇದೆ. ಆದರೂ ಆಕೆ ಒಂದು ವರ್ಷ ಈ ಕಡೆ ಕಾಲಿಡಲಿಲ್ಲ. ಮಾರೆಣ್ಣ ಮಾತ್ರ ದೇಶನೂರಿನಿಂದ ಆಕಳು ಹೊಡೆದುಕೊಂಡು ಬಂದವರನ್ನೆಲ್ಲ ಏನೇನೋ ಕೇಳುತ್ತಿದ್ದ. ಮಳೆ ಹೇಗಿದೆ, ನಾಟಿ ಆಯಿತೇ ಎಂದು ಕೇಳುತ್ತಿದ್ದ. ಕೇಳಬೇಕಾದದ್ದನ್ನು ಕೇಳುತ್ತಿರಲಿಲ್ಲ.

ಬೇಸಿಗೆ ಹತ್ತಿರ ಬಂದಿತ್ತು. ಒಂದು ದಿನ ದುರುಗಣ್ಣನೇ ಆಕಳು ಹೊಡೆದುಕೊಂಡು ಬಂದ. ಹಿಂದೆ ಹಂಪಕ್ಕ. ತುಂಬಿದ ಬಸುರಿ. ದುರುಗಣ್ಣ ಒಳ್ಳೆಯ ಮನುಷ್ಯ, ಮಾರೆಣ್ಣನಿಗೆ ಕೈಮುಗಿದ. ಮಾರೆಣ್ಣ ಆಕೆಯ ಹೊಟ್ಟೆ ನೋಡಿ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಒಂದು ವರ್ಷದಿಂದ ಕಾಣದ ಬೆಳಕಿತ್ತು. "ನಾ ಮಾಡಿದ್ದು ಸರಿ ಹೋತು, ಮಲ್ಲಯ್ಯಾ" ಎಂದು ಮೆಲ್ಲಗೆ ಹೇಳಿದ. ಪಟ್ಟಿ ಬೆಚ್ಚಗೆ ಮಾಡಿ ಹನಿ ನೋಡಿ, "ಬೇಷೈತಿ" ಎಂದು ಹೊರಗೆ ಹೋಗಿ ಆಕಳಿಗೆ ವೀರ್ಯ ಹಾಕಿ, ಕೈ ತೊಳೆದು ಬಂದ. ದುರುಗಣ್ಣ ಆಕಳನ್ನು ನೆರಳಿಗೆ ಕಟ್ಟಲು ಹೋದ. ಹಂಪಕ್ಕ ಬಾಗಿಲಲ್ಲಿ ನಿಂತು ಮೇಜಿನ ಮೇಲಿನ ಸೀಸೆಗಳನ್ನು ನೋಡುತ್ತಿದ್ದಳು.

"ಚೆಂದ ಅದೀರೇನ್ರಿ?" ಎಂದಳು.

"ಅದೀನಿ. ನೀ ಚೆಂದ ಇದ್ರ ಸಾಕು."

"ಈ ಸೀಸಿ ಎಲ್ಲಾ ಈಗ ಯಾರು ತೊಳಿತಾರ?"

"ಇಲ್ಲೇ ಕುದಸ್ತೀವಿ. ಮನಿ ನೀರು ಹಾಕಂಗಿಲ್ಲ ಇದಕ್ಕ."

"ಹೌದಾ?" ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಎಷ್ಟೋ ದಿನದ ಮೇಲೆ ಹಳೆಯ ಮನೆಯ ಒಂದು ಸಲಿಗೆ ಸಿಕ್ಕವರ ನಗು ಅದು. "ಬೈಬ್ಯಾಡ್ರಿ ಮತ್ತ. ಒಮ್ಮೆ ನೀವು ಒಂದು ಸೀಸಿ ಕಾಗದದಾಗ ಸುತ್ತಿ ದೀಪದ ಗೂಡಿನಾಗ ಇಟ್ಟಿದ್ರಲ್ಲ, ದನದ್ದು ತಂದು ದೇವರ ದೀಪದ ಹಂತ್ಯಾಕ ಇಟ್ಟಾರಲ್ಲ ಅಂತ ನನಗ ಕಸಿವಿಸಿ ಆತು. ಹುಣಸಿನೀರು ಹಾಕಿ ನೆನಸಿಟ್ಟು, ಬೂದಿ ಹಚ್ಚಿ ತಿಕ್ಕಿ, ಮತ್ತ ಅದ ಕಾಗದದಾಗ ಸುತ್ತಿ ಇಟ್ಟೆ. ಕೊಡದಂಗ ಹೊಳೀತಿತ್ತು. ನೀವು ಬೈತೀರಂತ ಹೇಳಲಿಲ್ಲ."

ಮಾರೆಣ್ಣ ಮೇಜಿನ ಮೇಲಿನ ಒಂದು ಸೀಸೆಯನ್ನು ಕೈಗೆತ್ತಿಕೊಂಡ. "ಯಾವಾಗ?" ಎಂದ.

"ಯುಗಾದಿ ಮುಂದ. ನನ್ನ ಕುರುಗೋಡಿಗೆ ಕರಕೊಂಡು ಹೋದ್ರಲ್ಲ, ಅದಕ್ಕ ನಾಕು ದಿನ ಮದಲ." ಆಕೆಯ ನಗು ನಿಂತಿತು. "ಯಾಕ್ರಿ? ಏನರ ಕೆಟ್ಟಿತ್ತೇನು?"

"ಏನೂ ಕೆಟ್ಟಿಲ್ಲ" ಎಂದ ಮಾರೆಣ್ಣ. "ಚೊಕ್ಕ ತೊಳದಿದ್ದಿ."

ದುರುಗಣ್ಣ ಕರೆದ. ಆಕೆ ಬಸುರಿಯ ಭಾರದ ಹೆಜ್ಜೆ ಹಾಕುತ್ತ ಹೋದಳು. ಒಮ್ಮೆ ತಿರುಗಿ ನೋಡಿದಳು. ಅವರು ಬೇವಿನ ಗಿಡ ದಾಟುವವರೆಗೆ ಅವನು ಬಾಗಿಲಲ್ಲೇ ನಿಂತಿದ್ದ. ಆಮೇಲೆ ಮನೆಗೆ ಹೋಗಿ ಹುಣಸೆಹಣ್ಣು, ಒಲೆಯ ಬೂದಿ ತಂದ. ನನ್ನ ಎದುರಿಗೇ ಒಂದು ಸೀಸೆಯಲ್ಲಿ ಹುಣಸೆನೀರು ನೆನೆಸಿಟ್ಟು, ಬೂದಿ ಹಾಕಿ ತಿಕ್ಕಿ, ಆಕೆ ಅಲುಬುತ್ತಿದ್ದ ಹಾಗೆ ಅಲುಬಿ, ಕವುಚಿಟ್ಟ. ಅದು ಒಣಗುವವರೆಗೆ ಬೆಂಚಿನ ಮೇಲೆ ಕೂತೇ ಇದ್ದ. ಕೊಳವೆಯಲ್ಲಿ ಉಳಿದಿದ್ದ ಹೋರಿಯ ವೀರ್ಯದ ನಾಲ್ಕು ಹನಿ ಅದರಲ್ಲಿ ಹಾಕಿ, ಅದರಿಂದ ಒಂದು ಹನಿ ಪಟ್ಟಿಯ ಮೇಲೆ ಬಿಟ್ಟು ನೋಡಿದ. ನನಗೂ ತೋರಿಸಿದ. ಎಲ್ಲ ಬಿದ್ದಿದ್ದವು. ಕೊಳವೆಯಿಂದ ನೇರವಾಗಿ ಇನ್ನೊಂದು ಹನಿ ತೆಗೆದು ಬೇರೆ ಪಟ್ಟಿಯ ಮೇಲೆ ನೋಡಿದರೆ ಇರುವೆ ಎದ್ದ ಹಾಗೆ ನುಗ್ಗುತ್ತಿದ್ದವು.

ನನಗೆ ಆಗ ಎಲ್ಲ ಅರ್ಥವಾಯಿತು. ಅವನ ಭುಜದ ಮೇಲೆ ಕೈಯಿಟ್ಟು, "ಇರ್ಲಿ, ಸೀಸಿ ಹಂಗಿತ್ತು ಅಂದ ಕೂಡಲೇ ನಿನ್ನಾಗ ದೋಷ ಇರಲಿಲ್ಲ ಅಂತ ಆಗಂಗಿಲ್ಲ. ಆಕಿ ಬಸುರಿ ಆಗ್ಯಾಳಲ್ಲ, ಅದ ಸಾಕ್ಷಿ" ಎಂದೆ. ಸಮಾಧಾನಕ್ಕೆ ಬೇರೆ ಮಾತು ಸಿಗಲಿಲ್ಲ. ದೋಷ ಅವನಲ್ಲೇ ಇರಲಪ್ಪ ಎಂದು ನಾನು ಮನಸ್ಸಿನಲ್ಲೇ ದೇವರಿಗೆ ಬೇಡಿಕೊಂಡೆ. ಒಬ್ಬ ಸ್ನೇಹಿತನಿಗಾಗಿ ಇಂಥದ್ದನ್ನು ಬೇಡಿಕೊಳ್ಳಬೇಕಾಗಿ ಬಂತಲ್ಲ ಎಂದು ಅಳು ಬಂತು.

"ಒಂದು ಸಲ ಗಬ್ಬ ನಿಲ್ಲದ ಆಕಳಾ ಮುಂದಿನ ಸಲ ಅದ ಹೋರಿಗೇ ನಿಲ್ತಾವ, ಮಲ್ಲಯ್ಯಾ" ಎಂದ ಅವನು. "ದಿನಾ ರೈತರಿಗೆ ಹೇಳ್ತೀನಲ್ಲ. ಅವಸರ ಮಾಡಿ ಮಾರಬ್ಯಾಡ್ರಿ ಅಂತೀನಲ್ಲ."

ಮರುದಿನ ನಾನು ಆಸ್ಪತ್ರೆಗೆ ಬಂದಾಗ ಬಾಗಿಲು ಒಳಗಿನಿಂದ ಮುಚ್ಚಿತ್ತು. ಬೇವಿನ ಗಿಡಕ್ಕೆ ಒಬ್ಬ ರೈತ ತನ್ನ ಆಕಳು ಕಟ್ಟಿ ಕಿಟಕಿಯ ಸರಳು ಹಿಡಿದು ನಿಂತಿದ್ದ. ನಾನೂ ಹೋಗಿ ನೋಡಿದೆ. ಮಾರೆಣ್ಣ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ, ಒಂದು ಕಣ್ಣು ಮುಚ್ಚಿ ಕೂತಿದ್ದ. ಪಕ್ಕದಲ್ಲಿ ಕುದಿಸಿ ಒಣಗಿಸಿದ ಸಣ್ಣ ಸೀಸೆ ಇತ್ತು. ನಿನ್ನೆಯ ಕೊಳವೆ ಬಕೆಟ್ಟಿನಲ್ಲಿ ಬಿದ್ದಿತ್ತು. ಫ್ಲಾಸ್ಕು ಮೂಲೆಯಲ್ಲಿ ಬಾಯಿ ತೆರೆದು ಖಾಲಿಯಾಗಿ ಒಣಗುತ್ತಿತ್ತು. ಬಳ್ಳಾರಿಯ ಬಸ್ಸು ಇನ್ನೂ ಬಂದಿರಲಿಲ್ಲ.

ರೈತನಿಗೆ ಇದೇನು ಗೊತ್ತು? ಅವನು ಕಿಟಕಿಯಿಂದಲೇ ಕೂಗಿ ಕೇಳಿದ, "ಹೆಂಗೈತ್ರಿ ಮಾರೆಣ್ಣಾ? ಜೀವ ಐತೇನು?"

ಮಾರೆಣ್ಣ ತಲೆ ಎತ್ತಲಿಲ್ಲ.

"ಐತಿ" ಎಂದ. "ಎಲ್ಲಾ ಓಡ್ಯಾಡಾಕ ಹತ್ಯಾವ."